ಬುಷ್ ಬಿಗಿಯುವ ಮುನ್ನ ವಾಹನವನ್ನು ನೆಲಕ್ಕಿಳಿಸಿ

ಹಳೆಯ ಫೋರ್ ವೀಲ್ ಡ್ರೈವ್ ವಾಹನದ ಮುಂಭಾಗದ ಸಸ್ಪೆನ್ಷನ್ನನ್ನು ಮನೆಯಲ್ಲಿಯೇ ಬಿಚ್ಚಿ, ಅದರ ಕೀಲುಗಳಲ್ಲಿ ಕೂರುವ ಎಲ್ಲ ರಬ್ಬರ್ ಬುಷ್‌ಗಳನ್ನೂ ಹೊಸದಾಗಿ ಹಾಕಿದವರು, ಕೆಲವೇ ತಿಂಗಳುಗಳಲ್ಲಿ ಆ ಬುಷ್‌ಗಳು ಹರಿದುಹೋದವೆಂದು ನನ್ನಲ್ಲಿಗೆ ಬರುವುದುಂಟು. ಬಿಡಿಭಾಗವೇ ಕಳಪೆಯದೆಂಬುದು ಅವರ ಅನುಮಾನ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೊನೆಯ ನಟ್ಟುಗಳನ್ನು ಬಿಗಿಮಾಡಿದಾಗ ವಾಹನದ ಭಾರ ಎಲ್ಲಿತ್ತು?

ಇಲ್ಲಿ ನಾನು ಹೇಳುತ್ತಿರುವುದು ಇಡಿಯಾದ ಮುಂಭಾಗದ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ಎರಡು ರೇಡಿಯಸ್ ಆರ್ಮ್ ಹಾಗೂ ಒಂದು ಪ್ಯಾನ್‌ಹಾರ್ಡ್ ರಾಡ್ ಇರುವ ವ್ಯವಸ್ಥೆಯ ಬಗ್ಗೆ. 1970ರಲ್ಲಿ ಬಂದ ಮೊದಲ ರೇಂಜ್ ರೋವರ್‌ನಲ್ಲಿ ಇದ್ದದ್ದು ಇದೇ ಏರ್ಪಾಡು. 1990ರ ದಶಕದ ಲ್ಯಾಂಡ್ ಕ್ರೂಸರ್ 80 ಸರಣಿಯಲ್ಲಿಯೂ ಇದೇ ಇದೆ. ರೇಡಿಯಸ್ ಆರ್ಮ್‌ಗಳು ಆಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಾಗೂ ಉರುಳದಂತೆ ಹಿಡಿದರೆ, ಪ್ಯಾನ್‌ಹಾರ್ಡ್ ರಾಡ್ ಅದನ್ನು ಅಡ್ಡಕ್ಕೆ ಸರಿಯಗೊಡುವುದಿಲ್ಲ.

ಬಿಚ್ಚುವ ಮೊದಲೇ ಆಟ, ಅಂದರೆ ಸವೆತದಿಂದಾದ ಸಡಿಲ ಅಲುಗಾಟ, ಎಲ್ಲಿದೆಯೆಂದು ಹುಡುಕಿಕೊಳ್ಳಬೇಕು. ಎಲ್ಲವನ್ನೂ ಬಿಚ್ಚಿದ ಮೇಲೆ ಈ ಸಾಕ್ಷ್ಯ ಮತ್ತೆ ಸಿಗುವುದಿಲ್ಲ. ಚಕ್ರಗಳು ನೆಲದ ಮೇಲೆಯೇ ಇರುವಾಗ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತಿರಲಿ. ಇನ್ನೊಬ್ಬರು ಪಕ್ಕದಿಂದ ಬಾಗಿ, ಪ್ಯಾನ್‌ಹಾರ್ಡ್ ರಾಡ್‌ನ ಎರಡು ತುದಿಗಳನ್ನೂ ಎರಡು ಮುಂಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್‌ನ ಬಾಲ್ ಜಾಯಿಂಟ್‌ಗಳನ್ನೂ ನೋಡುತ್ತ ಹೋಗಲಿ. ಕಣ್ಣಿಗೆ ಕಾಣದ ಆಟ ಎಷ್ಟೋ ಸಲ ಬೆರಳಿಗೆ ಸಿಗುತ್ತದೆ, ಆದ್ದರಿಂದ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡುವುದು ಒಳ್ಳೆಯದು. ಗುಂಡಿಯೊಂದನ್ನು ದಾಟಿದೊಡನೆ ಮುಂಭಾಗವೆಲ್ಲ ಗಡಗಡನೆ ನಡುಗತೊಡಗಿ, ವೇಗ ತಗ್ಗಿಸುವವರೆಗೂ ನಿಲ್ಲದಿದ್ದರೆ, ನಾನು ಮೊದಲು ನೋಡುವುದು ಪ್ಯಾನ್‌ಹಾರ್ಡ್ ರಾಡನ್ನೇ. ಇಂಥ ನಡುಕಕ್ಕೆ ಸ್ಟೀರಿಂಗಿನ ನಡುಕವನ್ನು ತಗ್ಗಿಸುವ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ಸವೆತವನ್ನು ಮರೆಮಾಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ.

ವಾಹನವನ್ನು ಎತ್ತಿದ ಮೇಲೆ ಚಾಸಿಯನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬರಿಯ ಜ್ಯಾಕನ್ನು ನಂಬಿ ಕೆಳಗೆ ಕೈ ಹಾಕುವುದು ಪ್ರಾಣಕ್ಕೆ ಅಪಾಯ. ಆಕ್ಸಲ್ ಕೆಳಗೆ ಇನ್ನೊಂದು ಜ್ಯಾಕ್ ಇರಲಿ. ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿ ಆಕ್ಸಲ್ಲನ್ನು ನಿಧಾನವಾಗಿ ಇಳಿಸುತ್ತ ಹೋದರೆ ಸ್ಪ್ರಿಂಗ್ ಸಡಿಲವಾಗಿ ಹೊರಬರುತ್ತದೆ, ಆದರೆ ಇಳಿಸುವಾಗ ಬ್ರೇಕ್ ಹೋಸ್ ಎಳೆದುಕೊಳ್ಳದಂತೆ ಕಣ್ಣಿಟ್ಟಿರಬೇಕು.

ಬುಷ್ ತೆಗೆಯುವಾಗ ಅದನ್ನು ಸುಟ್ಟು ತೆಗೆಯುವ ರೂಢಿಯನ್ನು ಬಿಡುವುದು ಲೇಸು, ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಪ್ರೆಸ್ ಇಲ್ಲದವರು ಉದ್ದನೆಯ ಬೋಲ್ಟ್, ದಪ್ಪ ವಾಷರ್ ಮತ್ತು ಸರಿಯಾದ ಅಳತೆಯ ಕೊಳವೆ ತುಂಡುಗಳಿಂದ ಎಳೆದು ತೆಗೆಯಬಹುದು. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹೊರಕೊಳವೆಯನ್ನು ಮಾತ್ರ ಹ್ಯಾಕ್ಸಾದಿಂದ, ಆರ್ಮ್‌ಗೆ ಗಾಯವಾಗದಂತೆ ಸೀಳಬೇಕು. ಕೆಲವು ಬುಷ್‌ಗಳ ರಬ್ಬರಿನಲ್ಲಿ ಒಂದು ದಿಕ್ಕಿಗೆ ಮಾತ್ರ ಖಾಲಿ ಜಾಗ ಬಿಟ್ಟಿರುತ್ತಾರಾದ್ದರಿಂದ, ಹಳೆಯದು ಯಾವ ದಿಕ್ಕಿಗಿತ್ತೆಂಬುದನ್ನು ತೆಗೆಯುವ ಮೊದಲೇ ಗುರುತು ಹಾಕಿಕೊಳ್ಳಬೇಕು. ಪಾಲಿಯುರೆಥೇನ್ ಬುಷ್ ಹಾಕಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗೆ: ಪ್ಯಾನ್‌ಹಾರ್ಡ್ ರಾಡ್‌ಗೆ ಹಾಕಿ, ರೇಡಿಯಸ್ ಆರ್ಮ್‌ಗೆ ರಬ್ಬರೇ ಇರಲಿ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಆರ್ಮಿನ ಬುಷ್ ಎಲ್ಲ ದಿಕ್ಕಿಗೂ ತಿರುಚಿಕೊಳ್ಳಬೇಕಾಗುತ್ತದೆ, ಗಡುಸಾದ ಬುಷ್ ಅದಕ್ಕೆ ಎಡೆ ಕೊಡುವುದಿಲ್ಲ.

ಮುಂಚಕ್ರ ಎಡಬಲಕ್ಕೆ ತಿರುಗುವ, ಆಕ್ಸಲ್ ತುದಿಯ ಉಕ್ಕಿನ ಗುಂಡಿನೊಳಗಿನ ಗ್ರೀಸು ತೆಳ್ಳನೆಯ ಸಾರಿನಂತಾಗಿದ್ದರೆ, ಒಳಗಿನ ಆಯಿಲ್ ಸೀಲ್ ಸೋತು ಡಿಫರೆನ್ಷಿಯಲ್ ಆಯಿಲ್ ಅಲ್ಲಿಗೆ ಬಂದಿದೆಯೆಂದು ತಿಳಿಯಬೇಕು. ಅಷ್ಟು ಬಿಚ್ಚಿದ ಮೇಲೆ ಆ ತಿರುಗುವಿಕೆಗೆ ಆಧಾರವಾದ ಕಿಂಗ್ ಪಿನ್ ಬೇರಿಂಗ್‌ಗಳನ್ನೂ ಬದಲಿಸಿಬಿಡುವುದು ಒಳಿತು. ಅವುಗಳ ಬಿಗುವನ್ನು ಷಿಮ್ ಎಂಬ ತೆಳು ಲೋಹದ ಬಿಲ್ಲೆಗಳಿಂದ ಹೊಂದಿಸಬೇಕಾಗುತ್ತದೆ. ಟೈ ರಾಡನ್ನು ಬೇರ್ಪಡಿಸಿ, ಸೀಲುಗಳನ್ನು ಹಾಕುವ ಮುನ್ನ, ಸ್ಪ್ರಿಂಗ್ ತಕ್ಕಡಿಯಿಂದ ಸ್ಟೀರಿಂಗ್ ತೋಳನ್ನು ಎಳೆದು, ಬಂದ ಅಂಕಿಯನ್ನು ಆಯಾ ವಾಹನದ ಕೈಪಿಡಿಯೊಂದಿಗೆ ಹೋಲಿಸಬೇಕು.

ಇನ್ನು ಎತ್ತರದ ಸ್ಪ್ರಿಂಗ್‌ಗಳ ಮೋಹದ ಬಗ್ಗೆ ಒಂದು ಮಾತು. ರೇಡಿಯಸ್ ಆರ್ಮ್ 900 ಮಿಲಿಮೀಟರ್ ಉದ್ದವಿದ್ದು ವಾಹನ 50 ಮಿಲಿಮೀಟರ್ ಮೇಲೆದ್ದರೆ, ಆರ್ಮ್‌ನೊಂದಿಗೆ ಆಕ್ಸಲ್ ಸುಮಾರು 3 ಡಿಗ್ರಿ ತಿರುಗಿ, ಅಷ್ಟೇ ಕ್ಯಾಸ್ಟರ್ ಕೋನ, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ಹಿಂಬಾಗು, ನಷ್ಟವಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದೆ ವಾಹನ ಅತ್ತಿತ್ತ ಅಲೆಯತೊಡಗುತ್ತದೆ. ಅದನ್ನು ಸರಿದೂಗಿಸುವ ಬುಷ್ ಅಥವಾ ಆರ್ಮ್ ಇಲ್ಲದೆ ಎತ್ತರಿಸಿದ ವಾಹನವನ್ನು ಹೆದ್ದಾರಿಗೆ ಒಯ್ಯಬಾರದು.

ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ. ರಬ್ಬರ್ ಬುಷ್ ಎಂದರೆ ಹೊರಗೊಂದು ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿಯಾದಾಗ ಒಳಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಆಡುವುದೆಲ್ಲ ರಬ್ಬರ್ ತಿರುಚಿಕೊಳ್ಳುವುದರಿಂದಲೇ. ಆಕ್ಸಲ್ ಜೋತಾಡುತ್ತಿರುವಾಗ ಬಿಗಿದರೆ, ರಬ್ಬರ್ ನಿರಾಳವಾಗಿರುವುದು ಆ ಜೋತ ಭಂಗಿಯಲ್ಲಿ ಮಾತ್ರ. ವಾಹನ ಸುಮ್ಮನೆ ನಿಂತಿರುವಾಗಲೂ ಅದು ತಿರುಚಿಕೊಂಡೇ ಇರುತ್ತದೆ, ಉಬ್ಬು ದಾಟುವಾಗ ಅದರ ಮೇಲೆ ಇನ್ನಷ್ಟು ತಿರುಚು ಸೇರಿ ಹರಿಯುತ್ತದೆ. ಆದ್ದರಿಂದ ಬುಷ್‌ಗಳ ಬೋಲ್ಟ್‌ಗಳನ್ನು ಕೈಬಿಗಿಗಿಂತ ತುಸು ಹೆಚ್ಚಿಗೆ ಮಾತ್ರ ಹಾಕಿ, ಚಕ್ರ ತೊಡಿಸಿ, ವಾಹನವನ್ನು ನೆಲಕ್ಕಿಳಿಸಬೇಕು. ಮುಂಭಾಗವನ್ನು ನಾಲ್ಕಾರು ಸಲ ಅದುಮಿ ಬಿಟ್ಟು, ಒಂದೆರಡು ಮೀಟರ್ ಹಿಂದೆ ಮುಂದೆ ತಳ್ಳಿ, ಸ್ಪ್ರಿಂಗ್‌ಗಳು ತಮ್ಮ ಎತ್ತರಕ್ಕೆ ಕುಳಿತ ಮೇಲೆಯೇ ಟಾರ್ಕ್ ವ್ರೆಂಚ್ ಕೈಗೆತ್ತಿಕೊಳ್ಳಬೇಕು. ಎಳೆಗಳಿಗೆ ಎಣ್ಣೆ ಸವರಬಾರದು, ಏಕೆಂದರೆ ಕೈಪಿಡಿಯ ಅಂಕಿಗಳು ಸಾಮಾನ್ಯವಾಗಿ ಒಣ ಎಳೆಗಳಿಗೆ ಸಂಬಂಧಿಸಿದವು.

ಟೈ ರಾಡ್ ಬಿಚ್ಚಿದ್ದರೆ ಟೋ ಅಳತೆಯನ್ನೂ, ಅಂದರೆ ಎರಡು ಮುಂಚಕ್ರಗಳ ಮುಂಬದಿ ಅಂತರಕ್ಕೂ ಹಿಂಬದಿ ಅಂತರಕ್ಕೂ ಇರುವ ವ್ಯತ್ಯಾಸವನ್ನೂ ನೋಡಬೇಕು. ಎರಡೂ ಟೈರುಗಳ ಮುಂಭಾಗದಲ್ಲಿ, ಹಬ್‌ನ ಎತ್ತರಕ್ಕೆ, ಸೀಮೆಸುಣ್ಣದ ಗುರುತು ಹಾಕಿ ಅಂತರವನ್ನು ಅಳೆಯಿರಿ. ಅದೇ ಗುರುತುಗಳು ಹಿಂಬದಿಗೆ ಬರುವಂತೆ ವಾಹನವನ್ನು ಅರ್ಧ ಸುತ್ತು ಮುಂದೆ ತಳ್ಳಿ ಮತ್ತೆ ಅಳೆದರೆ, ಟೈರಿನ ಅಂಕುಡೊಂಕು ಲೆಕ್ಕದಲ್ಲಿ ಸೇರುವುದಿಲ್ಲ. ಸುಮಾರು 500 ಕಿಲೋಮೀಟರ್ ಓಡಿಸಿದ ನಂತರ ಪ್ರತಿಯೊಂದು ನಟ್ಟನ್ನೂ, ವಾಹನ ನೆಲದ ಮೇಲೆಯೇ ನಿಂತಿರುವಾಗ, ಮತ್ತೊಮ್ಮೆ ಪರೀಕ್ಷಿಸಬೇಕು.