ಡ್ಯಾಮ್ ತುಂಬಿದೆ, ನೀರು ಮಾತ್ರ ಕಡಿಮೆ: ಫೋನ್ ಬ್ಯಾಟರಿ ಹಳೆಯದಾಗುವ ಬಗೆ

ನಮ್ಮ ಊರು ಗಂಗಾವತಿಯ ಹತ್ತಿರ. ಗದ್ದೆಗೆ ನೀರು ಬರುವುದು ತುಂಗಭದ್ರಾ ಡ್ಯಾಮಿನ ಎಡದಂಡೆ ನಾಲೆಯಿಂದ. ಮಳೆಗಾಲದಲ್ಲಿ ನೀರಿನ ಮಟ್ಟ 1633 ಅಡಿ ಮುಟ್ಟಿದರೆ ಊರಲ್ಲೆಲ್ಲ ಒಂದೇ ಮಾತು, 'ಡ್ಯಾಮ್ ತುಂಬೈತಿ'. ಕಟ್ಟಿದ ಹೊಸತರಲ್ಲಿ 1633 ಅಡಿ ಅಂದರೆ ಸುಮಾರು 133 ಟಿಎಂಸಿ ನೀರು. ಈಗ ಅದೇ 1633 ಅಡಿಗೆ ಸುಮಾರು 105 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಲೆಕ್ಕ ಹಾಕಿದರೆ ಹಳೆಯ ಸಾಮರ್ಥ್ಯದ ಶೇ 79 ಮಾತ್ರ ಉಳಿದಿದೆ. ಮಟ್ಟ ಅದೇ, ನೀರು ಕಡಿಮೆ.

ಫೋನ್ ಬ್ಯಾಟರಿ ವಿಷಯದಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ. ಪರದೆಯ ಮೇಲೆ ಕಾಣುವ ಶೇ 100 ಅನ್ನುವುದು ಮಟ್ಟ. ಒಳಗೆ ಎಷ್ಟು ತುಂಬಿದೆ ಅನ್ನುವುದು ಬೇರೆ ಲೆಕ್ಕ. ಮೂರು ವರ್ಷದ ಫೋನೂ ಬೆಳಿಗ್ಗೆ ಶೇ 100 ಅಂತಲೇ ತೋರಿಸುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ಇವತ್ತು ಅದರಲ್ಲಿ ಹಿಡಿಯುವಷ್ಟು ಪೂರ್ತಿ ತುಂಬಿದೆ ಅಂತ ಹೇಳುತ್ತಿದೆ, ಅಷ್ಟೇ.

ಈ ಟಿಪ್ಪಣಿ ಬರೆಯಲು ಕಾರಣ ನಮ್ಮಪ್ಪ. ನಾಟಿಯ ಸಮಯದಲ್ಲಿ ಗದ್ದೆಯಿಂದ ಬಂದವರು ಫೋನ್ ನನ್ನ ಕೈಗೆ ಕೊಟ್ಟು ಕೇಳಿದರು: "ಇಪ್ಪತ್ತು ಪರ್ಸೆಂಟ್ ತೋರಿಸ್ತೈತಿ, ಆದ್ರೂ ಬಂದ್ ಆಗ್ತೈತಿ. ಯಾಕವ್ವಾ?" ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ, ಬೇಕಾದದ್ದೆಲ್ಲ ನಾವು ದ್ವಿತೀಯ ಪಿಯುಸಿಯಲ್ಲಿ ಓದುವ ಎಲೆಕ್ಟ್ರೋಕೆಮಿಸ್ಟ್ರಿ ಮತ್ತು ಕೈನೆಟಿಕ್ಸ್ ಪಾಠಗಳಲ್ಲೇ ಇತ್ತು. ಪರೀಕ್ಷೆಗೆ ಓದುತ್ತಿರುವವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಒಳಗೆ ಏನಿದೆ

ಎರಡು ಬದಿ, ನಡುವೆ ದ್ರವ. ಒಂದು ಬದಿಯಲ್ಲಿ ತಾಮ್ರದ ತೆಳು ಹಾಳೆಯ ಮೇಲೆ ಗ್ರಾಫೈಟ್. ಇನ್ನೊಂದು ಬದಿಯಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ, ಹೆಚ್ಚಿನ ಫೋನುಗಳಲ್ಲಿ, ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಎರಡೂ ಒಂದಕ್ಕೊಂದು ತಾಗದಂತೆ ಸಣ್ಣ ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಪರದೆ. ಆ ರಂಧ್ರಗಳಲ್ಲಿ ಲಿಥಿಯಂ ಲವಣ ಕರಗಿಸಿದ ಎಲೆಕ್ಟ್ರೋಲೈಟ್. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಕೋಬಾಲ್ಟ್ ಬದಿಯಿಂದ ಹೊರಟು ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ಚಿಕ್ಕವರಿದ್ದಾಗ ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಡುತ್ತಿದ್ದೆವಲ್ವಾ, ಹಾಗೆ. ಫೋನ್ ಬಳಸಿದಾಗ ಅವು ವಾಪಸ್ ಬರುತ್ತವೆ. ಎಲೆಕ್ಟ್ರಾನುಗಳು ಮಾತ್ರ ಹೊರಗಿನ ದಾರಿ ಹಿಡಿದು ಫೋನ್ ನಡೆಸುತ್ತವೆ.

ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೊಶಿನೊ ಇಂಥ ಲಿಥಿಯಂ ಅಯಾನ್ ಬ್ಯಾಟರಿಯ ಮೇಲಿನ ಕೆಲಸಕ್ಕೆ 2019ರಲ್ಲಿ ನೊಬೆಲ್ ಪಡೆದರು. ಸೋನಿ ಇಂಥ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು 1991ರಲ್ಲಿ.

ಈಗ ಒಂದು ಲೆಕ್ಕ. ನನಗೆ ಈ ಇಡೀ ವಿಷಯದಲ್ಲಿ ಬಹಳ ಹಿಡಿಸಿದ್ದು ಇದೇ. 5000 ಎಂಎಎಚ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಲು ಎಷ್ಟು ಲಿಥಿಯಂ ಓಡಾಡಬೇಕು? 5000 ಎಂಎಎಚ್ ಅಂದರೆ 5 ಆಂಪಿಯರ್ ಗಂಟೆ. 3600ರಿಂದ ಗುಣಿಸಿದರೆ 18,000 ಕೂಲಂಬ್. ಫ್ಯಾರಡೆ ಸ್ಥಿರಾಂಕ, ಅಂದರೆ ಒಂದು ಮೋಲ್ ಎಲೆಕ್ಟ್ರಾನುಗಳ ಚಾರ್ಜ್ ಆದ 96,500 ಕೂಲಂಬ್‌ನಿಂದ ಭಾಗಿಸಿದರೆ ಸುಮಾರು 0.187 ಮೋಲ್. ಒಂದು ಅಯಾನಿಗೆ ಒಂದು ಎಲೆಕ್ಟ್ರಾನ್, ಹಾಗಾಗಿ ಲಿಥಿಯಂ ಕೂಡ ಅಷ್ಟೇ ಮೋಲ್. ಒಂದು ಮೋಲ್ ಲಿಥಿಯಂನ ತೂಕ 6.94 ಗ್ರಾಂ, ಅದರಿಂದ ಗುಣಿಸಿ. ಬರುವುದು 1.3 ಗ್ರಾಂ.

ಬರೀ 1.3 ಗ್ರಾಂ! ದಿನವಿಡೀ ನಾವು ಮಾತಾಡುವುದು, ವಿಡಿಯೊ ನೋಡುವುದು, ಹಣ ಕಳಿಸುವುದು ಎಲ್ಲ ಇಷ್ಟರ ಓಡಾಟದಿಂದ. ಇದರಲ್ಲಿ ಕಾಲು ಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡರೆ ಸಾಮರ್ಥ್ಯ ಶೇ 80ಕ್ಕೆ ಬಂದಂತೆ. ಆ ಕಾಲು ಗ್ರಾಂ ಎಲ್ಲಿಗೆ ಹೋಗುತ್ತದೆ?

ಗ್ರಾಫೈಟ್ ಮೇಲಿನ ಪದರ

ಚಾರ್ಜ್ ಆದ ಗ್ರಾಫೈಟನ್ನು ಎಲೆಕ್ಟ್ರೋಲೈಟ್ ತಡೆದುಕೊಳ್ಳಲಾರದು. ತಾಗಿದ ಕಡೆ ಅದು ಒಡೆಯುತ್ತದೆ. ಒಡೆದ ಚೂರುಗಳು ಲಿಥಿಯಂ ಜೊತೆ ಸೇರಿ ಗ್ರಾಫೈಟ್ ಮೇಲೆ ತೆಳು ಪದರವಾಗಿ ಕೂರುತ್ತವೆ. ಇದಕ್ಕೆ ಎಸ್‌ಇಐ ಪದರ ಅನ್ನುತ್ತಾರೆ. ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜ್ ಮಾಡಿದಾಗಲೇ ಇದು ಹುಟ್ಟುತ್ತದೆ. ಇದು ಬೇಕೇ ಬೇಕು. ಇದು ಅಯಾನುಗಳನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನುಗಳನ್ನು ಹೊರಗೆ ಬಿಡುವುದಿಲ್ಲ. ಹೀಗೆ ಉಳಿದ ದ್ರವವನ್ನು ಕಾಪಾಡುತ್ತದೆ.

ತೊಂದರೆ ಏನೆಂದರೆ, ಇದು ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಬೆಳೆದಷ್ಟೂ ಲಿಥಿಯಂ ಅದರಲ್ಲಿ ಬಂದಿಯಾಗುತ್ತದೆ. ಹೂಳಿನ ಹೋಲಿಕೆ ಇಲ್ಲಿ ಸ್ವಲ್ಪ ಜಾರುತ್ತದೆ, ಗಮನಿಸಿ. ಡ್ಯಾಮಿನಲ್ಲಿ ಹೂಳು ಹೊರಗಿನಿಂದ ಬಂದು ನೀರಿನ ಜಾಗ ಹಿಡಿಯುತ್ತದೆ. ಇಲ್ಲಿ ಹೊರಗಿನಿಂದ ಏನೂ ಬರುವುದಿಲ್ಲ. ನೀರೇ ಹೂಳಾಗಿ ಕುಳಿತ ಹಾಗೆ.

ಪದರ ದಪ್ಪ ಆದಂತೆ ಬೆಳವಣಿಗೆ ನಿಧಾನವಾಗುತ್ತದೆ, ಯಾಕೆಂದರೆ ಅದನ್ನು ದಾಟಿ ಹೋಗುವುದು ಕಷ್ಟ. ಸುಮ್ನೆ ಇಟ್ಟ ಬ್ಯಾಟರಿಯಲ್ಲಿ ನಷ್ಟವು ಸುಮಾರಾಗಿ ಕಾಲದ ವರ್ಗಮೂಲದಂತೆ ನಡೆಯುತ್ತದೆ. ಮೊದಲ ವರ್ಷ ಶೇ 5 ಹೋಯಿತು ಅಂದುಕೊಳ್ಳಿ. ಇನ್ನೊಂದು ಶೇ 5 ಹೋಗಲು ಒಟ್ಟು ನಾಲ್ಕು ವರ್ಷ ಆಗಬೇಕು. ಹೊಸ ಫೋನ್ ಮೊದಲ ತಿಂಗಳುಗಳಲ್ಲೇ ಬೇಗ ಇಳಿದು ಆಮೇಲೆ ನಿಂತಂತೆ ಕಾಣುವುದಕ್ಕೆ ಇದೊಂದು ಕಾರಣ.

ಆದರೆ ಫೋನನ್ನು ಯಾರು ಸುಮ್ನೆ ಇಡುತ್ತಾರೆ? ಪುಸ್ತಕದಲ್ಲಿ ಗರಿ ಜಾಸ್ತಿ ಇಟ್ಟರೆ ಪುಸ್ತಕ ಉಬ್ಬುತ್ತದೆ. ಲಿಥಿಯಂ ತುಂಬಿದಾಗ ಗ್ರಾಫೈಟ್ ಕೂಡ ಸುಮಾರು ಶೇ 10ರಷ್ಟು ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ದಿನಾ ಹೀಗೆ ಆದರೆ ಮೇಲಿನ ಪದರ ಬಿರುಕು ಬಿಡುತ್ತದೆ. ಮಣ್ಣಿನ ಗೋಡೆಯ ಗಿಲಾವು ಬಿರುಕು ಬಿಟ್ಟರೆ ಮತ್ತೆ ಮೆತ್ತಬೇಕಲ್ವಾ? ಇಲ್ಲಿ ಮೆತ್ತಲು ಬೇಕಾದ ಮಣ್ಣೇ ಲಿಥಿಯಂ. ಒಂದೊಂದು ಬಿರುಕಿಗೂ ಸ್ವಲ್ಪ ಸ್ವಲ್ಪ ಖರ್ಚು.

ಇದಕ್ಕಾಗಿಯೇ ಸೈಕಲ್ ಲೆಕ್ಕ ಇಡುತ್ತಾರೆ. ಒಂದು ಸೈಕಲ್ ಅಂದರೆ ಒಂದು ಸಲ ಚಾರ್ಜರ್ ಚುಚ್ಚುವುದಲ್ಲ. ಒಟ್ಟು ಶೇ 100ರಷ್ಟು ಬಳಕೆ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಎರಡು ದಿನಕ್ಕೆ ಒಂದು ಸೈಕಲ್. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಜಾರಿಯಾದ ನಿಯಮದ ಪ್ರಕಾರ ಹೊಸ ಸ್ಮಾರ್ಟ್‌ಫೋನಿನ ಬ್ಯಾಟರಿ 800 ಸೈಕಲ್ ಆದ ಮೇಲೂ ಕನಿಷ್ಠ ಶೇ 80 ಸಾಮರ್ಥ್ಯ ಉಳಿಸಿಕೊಳ್ಳಬೇಕು. ನಮ್ಮ ಡ್ಯಾಮ್ ಆ ಗೆರೆಯ ಹತ್ತಿರ ಬರಲು ಹಲವು ದಶಕ ಹಿಡಿಯಿತು. ಫೋನಿಗೆ ಎರಡು ಮೂರು ವರ್ಷ ಸಾಕು.

ನಮ್ಮ ಬಿಸಿಲು

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಚಳಿಯ ಬಗ್ಗೆ ತುಂಬಾ ಇರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಹೋಗದೆ ಗ್ರಾಫೈಟ್ ಮೇಲೆ ಲೋಹವಾಗಿ ಕೂರುತ್ತದೆ ಅನ್ನುವುದು ನಿಜ. ಕೊಪ್ಪಳ, ರಾಯಚೂರು, ಬಳ್ಳಾರಿಯವರಿಗೆ ಆ ಚಿಂತೆ ಬೇಡ. ನಮ್ಮ ಚಿಂತೆ ಏಪ್ರಿಲ್, ಮೇ. ನೆರಳಲ್ಲೇ 40 ಡಿಗ್ರಿ ದಾಟುವ ದಿನಗಳು.

ಕೈನೆಟಿಕ್ಸ್ ಪಾಠದ ಮಾತು ನೆನಪಿಸಿಕೊಳ್ಳಿ: ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿ. ಪದರ ಬೆಳೆಯುವುದೂ ಒಂದು ರಾಸಾಯನಿಕ ಕ್ರಿಯೆಯೇ. 25 ಡಿಗ್ರಿಯಲ್ಲಿ ಇರುವ ವೇಗ 35ರಲ್ಲಿ ಎರಡರಷ್ಟು, 45ರಲ್ಲಿ ನಾಲ್ಕರಷ್ಟು. ಅಪ್ಪ ಫೋನ್ ಇಡುತ್ತಿದ್ದದ್ದು ಟ್ರ್ಯಾಕ್ಟರಿನ ಬಾನೆಟ್ ಮೇಲೆ. ಕೆಳಗೆ ಎಂಜಿನ್, ಮೇಲೆ ಸೂರ್ಯ. ಅಲ್ಲಿ ಕಳೆದ ಒಂದು ಮಧ್ಯಾಹ್ನ, ಮನೆಯ ತಂಪಿನಲ್ಲಿ ಕಳೆದ ಒಂದೆರಡು ದಿನಗಳಿಗೆ ಸಮ.

ಬಿಸಿಲಿನ ಜೊತೆ ಪೂರ್ತಿ ಚಾರ್ಜ್ ಸೇರಿದರೆ ಇನ್ನೂ ಕೆಟ್ಟದ್ದು. ಬ್ಯಾಟರಿ ಪೂರ್ತಿ ತುಂಬಿದಾಗ ಕೋಬಾಲ್ಟ್ ಬದಿಯಿಂದ ಅರ್ಧಕ್ಕಿಂತ ಜಾಸ್ತಿ ಲಿಥಿಯಂ ಹೊರಗೆ ಬಂದಿರುತ್ತದೆ. ಉಳಿದ ಚೌಕಟ್ಟು ಸಡಿಲ. ವೋಲ್ಟೇಜ್ 4.2 ದಾಟಿ, ಈಗಿನ ಫೋನುಗಳಲ್ಲಿ 4.4ರ ಆಸುಪಾಸಿಗೂ ಹೋಗುತ್ತದೆ. ಆಗ ಆ ಬದಿಯಲ್ಲೂ ದ್ರವ ಒಡೆಯಲು ಶುರು. ಈ ಎರಡೂ ಸೇರಿದರೆ ಎಷ್ಟು ಪೆಟ್ಟು ಅಂತ ತೋರಿಸಲು ಒಂದು ಅಂದಾಜು ಬಳಕೆಯಲ್ಲಿದೆ. ಒಂದು ವರ್ಷ ಬ್ಯಾಟರಿಯನ್ನು ಬಳಸದೆ ಇಟ್ಟರೆ, 25 ಡಿಗ್ರಿಯಲ್ಲಿ, ಶೇ 40 ಚಾರ್ಜಿನಲ್ಲಿ, ಸಾಮರ್ಥ್ಯದ ಶೇ 96 ಉಳಿಯುತ್ತದೆ. ಅದೇ 25 ಡಿಗ್ರಿಯಲ್ಲಿ ಪೂರ್ತಿ ತುಂಬಿಟ್ಟರೆ ಶೇ 80. ಶೇ 40 ಚಾರ್ಜಿನಲ್ಲೇ ಇಟ್ಟು 40 ಡಿಗ್ರಿಗೆ ಏರಿಸಿದರೆ ಶೇ 85. 40 ಡಿಗ್ರಿ ಮತ್ತು ಪೂರ್ತಿ ಚಾರ್ಜ್ ಎರಡೂ ಆದರೆ ಶೇ 65. ಬ್ಯಾಟರಿಯಿಂದ ಬ್ಯಾಟರಿಗೆ ಅಂಕಿ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ.

ಹಾಗಾಗಿ ಈಗಿನ ಫೋನುಗಳಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಬೇಸಿಗೆಯಲ್ಲಾದರೂ ಹಾಕಿಡಿ. ರಾತ್ರಿ ಚಾರ್ಜಿಗೆ ಇಟ್ಟು ದಿಂಬಿನ ಕೆಳಗೆ ತುರುಕಬೇಡಿ. ಚಾರ್ಜ್ ಮಾಡುತ್ತಾ ಗೇಮ್ ಆಡುವುದು ಬೇಡ, ಎರಡು ಕಡೆಯಿಂದ ಬಿಸಿ. ಬಿಸಿಯಾಯಿತು ಅಂತ ಫ್ರಿಜ್ಜಿನಲ್ಲಿ ಇಡುವವರೂ ಇದ್ದಾರೆ. ಅದು ಇನ್ನೊಂದು ತಪ್ಪು. ಹೊರಗೆ ತೆಗೆದಾಗ ಒಳಗೆ ನೀರಿನ ಹನಿ ಕೂರುತ್ತದೆ. ಕವರ್ ತೆಗೆದು ಫ್ಯಾನ್ ಕೆಳಗೆ ಇಟ್ಟರೆ ಸಾಕು. ತಿಂಗಳಿಗೊಮ್ಮೆ ಸೊನ್ನೆಗೆ ಇಳಿಸಿ ತುಂಬಬೇಕು ಅನ್ನುವ ಮಾತು ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯ ಕಾಲದ್ದು. ಲಿಥಿಯಂಗೆ ಅದರಿಂದ ಲಾಭವಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ

ಶೇ 20 ಇದ್ದರೂ ಯಾಕೆ ಬಂದ್ ಆಗುತ್ತದೆ? ಇದು ಸಾಮರ್ಥ್ಯದ ವಿಷಯಕ್ಕಿಂತ ಒಳರೋಧದ, ಅಂದರೆ ಬ್ಯಾಟರಿಯ ಒಳಗೇ ಕರೆಂಟಿಗೆ ಇರುವ ತಡೆಯ ವಿಷಯ. ನಮ್ಮ ಕಡೆ ಪಂಪ್‌ಸೆಟ್ ಹಾಕಿದ ಕ್ಷಣ ಮನೆಯ ಬಲ್ಬ್ ಮಂಕಾಗುತ್ತದಲ್ವಾ? ಮೋಟರ್ ಒಮ್ಮೆಲೆ ಜಾಸ್ತಿ ಕರೆಂಟ್ ಎಳೆಯುತ್ತದೆ. ತಂತಿಯ ರೋಧದಲ್ಲಿ ವೋಲ್ಟೇಜ್ ಬೀಳುತ್ತದೆ. ಬ್ಯಾಟರಿಯ ಒಳಗೂ ಹಾಗೇ. ಪದರ ದಪ್ಪವಾಗಿದೆ, ದ್ರವ ಕಡಿಮೆಯಾಗಿದೆ, ಕೆಲವು ಕಣಗಳು ಬಿರುಕು ಬಿಟ್ಟು ಸಂಪರ್ಕ ಕಳೆದುಕೊಂಡಿವೆ. ರೋಧ ಏರಿದೆ.

ಉದಾಹರಣೆಗೆ ಕೆಲವು ಅಂಕಿ ಇಟ್ಟುಕೊಳ್ಳೋಣ. ಶೇ 20ರಲ್ಲಿ ಬ್ಯಾಟರಿಯ ವೋಲ್ಟೇಜ್ 3.6. ಕ್ಯಾಮೆರಾ ತೆರೆದಾಗ ಎಳೆಯುವ ಕರೆಂಟ್ 2 ಆಂಪಿಯರ್. ಹೊಸ ಬ್ಯಾಟರಿಯ ರೋಧ 0.1 ಓಮ್ ಆದರೆ ಬೀಳುವುದು 0.2 ವೋಲ್ಟ್, ಉಳಿಯುವುದು 3.4. ಹಳೆಯದರ ರೋಧ 0.25 ಓಮ್ ಆದರೆ ಬೀಳುವುದು 0.5 ವೋಲ್ಟ್, ಉಳಿಯುವುದು 3.1. ಫೋನ್ ನಡೆಯಲು ಕನಿಷ್ಠ 3.2 ಬೇಕಿದ್ದರೆ? ಆಫ್. ಒಳಗೆ ಚಾರ್ಜ್ ಇದೆ, ಬೇಕಾದಷ್ಟು ಜೋರಾಗಿ ಹೊರಗೆ ಬರಲಾರದು. ಅಪ್ಪನ ಫೋನ್ ಮತ್ತೆ ಮತ್ತೆ ಆಫ್ ಆಗುತ್ತಿದ್ದದ್ದು ಹಣ ಕಳಿಸಲು ಕ್ಯಾಮೆರಾ ತೆರೆದು ಕೋಡ್ ಸ್ಕ್ಯಾನ್ ಮಾಡುವಾಗಲೇ. ಲೆಕ್ಕ ಹಾಕಿದ ಮೇಲೆ ಅದೂ ಅರ್ಥವಾಯಿತು.

ಕೊನೆಗೆ, ಇದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಲೆಕ್ಟ್ರೋಲೈಟ್ ಒಡೆದಾಗ ಅನಿಲವೂ ಹುಟ್ಟುತ್ತದೆ. ಅದು ಜಾಸ್ತಿ ಸೇರಿದರೆ ಬ್ಯಾಟರಿ ಉಬ್ಬುತ್ತದೆ. ಹಿಂದಿನ ಕವರ್ ಎದ್ದಿದೆ, ಪರದೆ ಅಂಚಿನಲ್ಲಿ ಮೇಲೆ ಬಂದಿದೆ ಅನ್ನಿಸಿದರೆ ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಬಿಸಿಲಲ್ಲಿ ಇಡಬೇಡಿ. ಬ್ಯಾಟರಿ ಬದಲಿಸುವ ಅಂಗಡಿಗೆ ಕೊಡಿ. ಹಳೆಯದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಮುಟ್ಟಿಸಿ. ಕಸದ ಜೊತೆ ಒತ್ತಡಕ್ಕೆ ಸಿಕ್ಕರೆ ಅದು ಹೊತ್ತಿಕೊಳ್ಳಬಹುದು.

ಅಪ್ಪನ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದೆವು. ಈಗ ಗದ್ದೆಗೆ ಹೋದರೆ ಫೋನ್ ಬುತ್ತಿಯ ಚೀಲದಲ್ಲಿ, ಬೇವಿನ ಮರದ ನೆರಳಲ್ಲಿ ಇರುತ್ತದೆ.

ನಿಮಗೊಂದು ಲೆಕ್ಕ: ನಿಮ್ಮ ಫೋನಿನದು 4000 ಎಂಎಎಚ್ ಬ್ಯಾಟರಿ, ಸಾಮರ್ಥ್ಯ ಶೇ 75ಕ್ಕೆ ಇಳಿದಿದೆ. ನಷ್ಟವೆಲ್ಲ ಪದರದಲ್ಲಿ ಸಿಕ್ಕ ಲಿಥಿಯಂನಿಂದಲೇ ಆಯಿತು ಅಂದುಕೊಂಡರೆ ಎಷ್ಟು ಗ್ರಾಂ ಸಿಕ್ಕಿಹಾಕಿಕೊಂಡಿದೆ? ಉತ್ತರ 0.26 ಗ್ರಾಂ ಬರಬೇಕು.