ನಾರಿನಿಂದ ಕೀಲಿನವರೆಗೆ: ರುಮಟಾಯ್ಡ್ ಸಂಧಿವಾತದ ಟಿಪ್ಪಣಿ

ರುಮಟಾಯ್ಡ್ ಸಂಧಿವಾತವೆಂದರೆ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ದಾಳಿ ಮಾಡುವ ರೋಗ; ಆಹಾರದ ನಾರಿಗೂ ಅದಕ್ಕೂ ಇರುವ ನಂಟನ್ನು ಪರೀಕ್ಷೆಗೆ ಓದುವವರಿಗಾಗಿ ಇಲ್ಲಿ ಬಿಡಿಸಿದೆ. ಈ ನಾರನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಸಣ್ಣ ಕರುಳನ್ನು ಹಾಗೆಯೇ ದಾಟಿ ಬಂದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ. ಆಗ ಹುಟ್ಟುವುದೇ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿ ಕೊಬ್ಬಿನಾಮ್ಲಗಳು; ಪ್ರಮಾಣ ಸುಮಾರು 60:20:20. ಪಾಲು ಚಿಕ್ಕದಾದರೂ ಬ್ಯುಟಿರೇಟಿನ ಮೇಲೆ ಕಣ್ಣಿಡಿ.

ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. ಕೋಶಗಳ ನಡುವಿನ ಬೆಸುಗೆ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ಒಳಗೆ ನುಸುಳಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತವೆ. ಬ್ಯುಟಿರೇಟ್ ಆ ಬೆಸುಗೆಯನ್ನು ಬಿಗಿಯಾಗಿಡುತ್ತದೆ. ಇನ್ನೊಂದು ಕೆಲಸ ಇದಕ್ಕಿಂತ ಸೂಕ್ಷ್ಮ. ಜೀನ್‌ಗಳನ್ನು ಅದುಮಿಡುವ ಹಿಸ್ಟೋನ್ ಡಿಅಸಿಟೈಲೇಸ್ ಕಿಣ್ವವನ್ನು ಅದು ತಡೆಯುವುದರಿಂದ ಫಾಕ್ಸ್‌ಪಿ3 ಜೀನ್ ಚುರುಕಾಗಿ, ಉರಿಯೂತಕ್ಕೆ ಕಡಿವಾಣ ಹಾಕುವ ಟಿ-ರೆಗ್ ಕೋಶಗಳು ಹೆಚ್ಚುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಸಡಿಲವಾಗಿರುವುದು ಈ ಕಡಿವಾಣವೇ. ಇಲಿಗಳಲ್ಲಿ ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್ ಮೂಳೆ ಕೊರೆಯುವ ಆಸ್ಟಿಯೋಕ್ಲಾಸ್ಟ್‌ಗಳನ್ನೂ ತಗ್ಗಿಸಿವೆ. ಮನುಷ್ಯರಲ್ಲಿ ನಡೆದ ಪ್ರಯೋಗಗಳು ಚಿಕ್ಕವು, ಅಲ್ಪಾವಧಿಯವು. ಇಲಿಯ ಫಲಿತಾಂಶವನ್ನು ಉತ್ತರಪತ್ರಿಕೆಯಲ್ಲಿ ಚಿಕಿತ್ಸೆ ಎಂದು ಬರೆಯಬೇಡಿ.

ಹೆಚ್ಚಿನವರು ಎಡವುವುದು ಪ್ರೆವೊಟೆಲ್ಲಾ ಕೋಪ್ರಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಹತ್ತಿರ. ಹೊಸದಾಗಿ ರೋಗ ಪತ್ತೆಯಾಗಿ ಇನ್ನೂ ಔಷಧ ಆರಂಭಿಸದವರಲ್ಲಿ ಇದು ಹೆಚ್ಚಿದೆ ಎಂದು 2013ರ ಅಧ್ಯಯನ ತೋರಿಸಿತು. ಆದರೆ ನಾರು ಹೆಚ್ಚು ತಿನ್ನುವ ಆರೋಗ್ಯವಂತರಲ್ಲೂ ಇದೇ ಬ್ಯಾಕ್ಟೀರಿಯಾ ಧಾರಾಳ! ತಳಿಯಿಂದ ತಳಿಗೆ ಜೀನ್‌ಗಳು ಬೇರೆ, ಗುಣವೂ ಬೇರೆ. ಹಾಗಾಗಿ ಹೆಸರು ನೋಡಿ ‘ಕೆಟ್ಟದ್ದು’ ಎಂದು ಹಣೆಪಟ್ಟಿ ಹಚ್ಚುವಂತಿಲ್ಲ. ಅದು ರೋಗಕ್ಕೆ ಕಾರಣವೋ ರೋಗದ ಪರಿಣಾಮವೋ ಎಂಬುದೂ ತೀರ್ಮಾನವಾಗಿಲ್ಲ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಎಲ್ಲ ನಾರೂ ಒಂದೇ ಅಲ್ಲ. ಗೋಧಿ ತವುಡು ಮಲದ ಗಾತ್ರ ಹೆಚ್ಚಿಸುತ್ತದೆ, ಹುದುಗುವುದು ಕಡಿಮೆ. ಓಟ್ಸ್‌ನ ಬೀಟಾ-ಗ್ಲೂಕನ್, ಈರುಳ್ಳಿ-ಬೆಳ್ಳುಳ್ಳಿಯ ಇನ್ಯುಲಿನ್, ಬೇಳೆಕಾಳು, ಬೇಯಿಸಿ ತಣಿಸಿದ ಆಲೂಗಡ್ಡೆಯ ಜೀರ್ಣವಾಗದ ಪಿಷ್ಟ ಚೆನ್ನಾಗಿ ಹುದುಗುತ್ತವೆ. ಅರ್ಧ ಕಪ್ ಬೆಂದ ಕಾಳಿನಲ್ಲಿ ಸುಮಾರು 6ರಿಂದ 8 ಗ್ರಾಂ ನಾರು ಸಿಗುತ್ತದೆ.

ದಿನದ ನಾರಿನ ಪ್ರಮಾಣವನ್ನು ವಾರಕ್ಕೆ 3ರಿಂದ 5 ಗ್ರಾಂನಂತೆ ಏರಿಸಿ. ಒಮ್ಮೆಲೇ ಏರಿಸಿದರೆ ಹುದುಗುವಿಕೆಯ ಅನಿಲದಿಂದ ಹೊಟ್ಟೆ ಉಬ್ಬರಿಸುತ್ತದೆ. ನಾರು ಒಗ್ಗುವುದಿಲ್ಲವೆಂದು ಜನ ಕೈಬಿಡುವುದು ಬಹುಪಾಲು ಈ ಹಂತದಲ್ಲೇ. ನೀರು ಸಾಲದಿದ್ದರೆ ಮಲಬದ್ಧತೆ. ಕರುಳು ಕಿರಿದಾಗಿರುವವರು ವೈದ್ಯರನ್ನು ಕೇಳದೆ ನಾರು ಹೆಚ್ಚಿಸಬಾರದು. ಈ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಔಷಧದ ಜಾಗವನ್ನು ನಾರು ತುಂಬಲಾರದು. ಇಸಬ್ಗೋಲ್ ಪುಡಿ ಲೋಳೆಯಾಗಿ ಮಾತ್ರೆಯ ಹೀರಿಕೆಗೆ ಅಡ್ಡಬರಬಹುದು. ಎರಡರ ನಡುವೆ ಕನಿಷ್ಠ 2 ಗಂಟೆ ಅಂತರವಿರಲಿ.