‘ಜಡ ಜೀವನಶೈಲಿ’ ಅಂದರೆ ಸೋಮಾರಿತನ ಅಲ್ಲ

ಆರೋಗ್ಯ ಪುರವಣಿ, ಎಚ್‌ಆರ್ ಮೇಲ್, ಆಸ್ಪತ್ರೆಯ ಗೋಡೆ, ವಾಟ್ಸ್‌ಆ್ಯಪ್ ಫಾರ್ವರ್ಡ್, ಎಲ್ಲಿ ನೋಡಿದರೂ ಒಂದೇ ಸಾಲು: ‘ಜಡ ಜೀವನಶೈಲಿ ಬಿಡಿ, ದಿನಕ್ಕೆ ಅರ್ಧ ಗಂಟೆ ವಾಕಿಂಗ್ ಮಾಡಿ.’ ಕಂಪ್ಯೂಟರ್ ಮುಂದೆ ದುಡಿಯುವವರ ಬಗ್ಗೆ ಬರೆದಾಗಲಂತೂ ಇದು ತಪ್ಪಿದ್ದೇ ಇಲ್ಲ. ಮೊನ್ನೆ ಕಣ್ಣಿಗೆ ಬಿದ್ದ ಬರಹವೊಂದು ಇನ್ನೂ ಮುಂದೆ ಹೋಗಿ ‘ಐಟಿ ಮಂದಿಯ ಜಡ, ಸೋಮಾರಿ ಬದುಕು’ ಎಂದೇ ಬರೆದುಬಿಟ್ಟಿತ್ತು. ಬೆಳಿಗ್ಗೆ ಹತ್ತಕ್ಕೆ ಕೂತವರು ರಾತ್ರಿ ಎಂಟಕ್ಕೆ ಏಳುತ್ತಾರೆ. ಅವರನ್ನು ಸೋಮಾರಿ ಅನ್ನುವುದು ಯಾವ ಲೆಕ್ಕದಲ್ಲಿ? ಪದವೇ ದಾರಿ ತಪ್ಪಿಸುತ್ತಿದೆ. ಅದನ್ನು ಒಮ್ಮೆ ಸರಿಯಾಗಿ ಬಿಡಿಸಿ ನೋಡಬೇಕು.

ಇಂಗ್ಲಿಷಿನ ‘ಸೆಡೆಂಟರಿ’ಗೆ ನಾವು ‘ಜಡ’ ಅಂತ ಹಾಕಿಕೊಂಡಿದ್ದೇವೆ. ಸೆಡೆಂಟರಿಯ ಬೇರು ಲ್ಯಾಟಿನ್ನಿನ ‘ಸೆಡೇರೆ’. ಅರ್ಥ ಇಷ್ಟೇ, ಕೂರುವುದು. ಸಂಸ್ಕೃತದ ‘ಸದ್’ ಧಾತು ಇದರ ಹತ್ತಿರದ ನೆಂಟ. ಅದರಿಂದ ಬಂದ ಮಾತುಗಳನ್ನು ನಾವು ದಿನಾ ಬಳಸುತ್ತೇವೆ: ಸದನ, ಸಂಸತ್ತು, ಪರಿಷತ್ತು. ಗುರುವಿನ ಹತ್ತಿರ ಕೂತು ಕಲಿಯುವ ಉಪನಿಷತ್ತೂ ಅದೇ ಸಾಲಿನದು. ಅಂದರೆ ವಿಧಾನ ಪರಿಷತ್ತಿಗೂ ಸೆಡೆಂಟರಿಗೂ ಬೇರು ಒಂದೇ. ಇದರಲ್ಲಿ ಎಲ್ಲೂ ಬೈಗುಳ ಇಲ್ಲ, ಆಲಸ್ಯದ ಸುಳಿವೂ ಇಲ್ಲ. ಮನುಷ್ಯ ಯಾವ ಭಂಗಿಯಲ್ಲಿದ್ದಾನೆ ಅನ್ನುವುದನ್ನು ಮಾತ್ರ ಹೇಳುತ್ತದೆ.

‘ಜಡ’ದ ಜಾತಕ ಬೇರೆ. ಸಂಸ್ಕೃತದಲ್ಲಿ ಚಳಿಗೆ ಮರಗಟ್ಟಿದ್ದು, ಚೇತನ ಇಲ್ಲದ್ದು, ಮಂದವಾದದ್ದು, ಬುದ್ಧಿ ಓಡದ್ದು, ಎಲ್ಲಕ್ಕೂ ಜಡ ಎನ್ನುತ್ತಾರೆ. ಕನ್ನಡಕ್ಕೂ ಅದು ಇದೇ ಗಂಟಿನ ಸಮೇತ ಬಂತು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಜಡತ್ವ, ಜಡ ಅನಿಲ. ವೇದಾಂತ ಮಾತಾಡುವವರ ಬಾಯಲ್ಲಿ ಜಡ ಮತ್ತು ಚೇತನ. ಮನೆಯಲ್ಲಿ ಅಮ್ಮನ ಬಾಯಲ್ಲಿ ‘ಯಾಕೋ ಜಡ ಹಿಡಿದವನ ಹಾಗೆ ಬಿದ್ದುಕೊಂಡಿದ್ದೀಯ?’ ಉತ್ತರ ಕರ್ನಾಟಕದ ಕಡೆ ಜಡ್ಡು ಅಂದರೆ ಕಾಯಿಲೆ. ಇವುಗಳಲ್ಲಿ ಒಂದಕ್ಕೂ ಕೂರುವುದಕ್ಕೂ ಸಂಬಂಧ ಇಲ್ಲ. ಕುರ್ಚಿಯ ಮೇಲೆ ಕೂತು ತಲೆ ಬಿಸಿ ಮಾಡಿಕೊಂಡು ಕೋಡ್ ಬರೆಯುವವರಿಗೆ, ಟ್ಯಾಲಿಯಲ್ಲಿ ಲೆಕ್ಕ ಹಾಕುವವರಿಗೆ, ಡಿಟಿಪಿ ಮಾಡುವವರಿಗೆ ಈ ಪದ ಯಾವ ಕಡೆಯಿಂದಲೂ ಹೊಂದುವುದಿಲ್ಲ.

ಜಡಭರತನ ಕಥೆ ನೆನಪಿದೆ ಅಲ್ವಾ? ಭಾಗವತದಲ್ಲಿ ಬರುತ್ತದೆ. ಹೊರಗಿನವರ ಕಣ್ಣಿಗೆ ಮಂಕನ ಹಾಗೆ ಕಾಣುತ್ತಿದ್ದ ಜ್ಞಾನಿ. ಸಿಂಧು ಸೌವೀರದ ರಾಜ ರಹೂಗಣನ ಪಲ್ಲಕ್ಕಿಗೆ ಬೋಯಿಗಳು ಸಾಲಲಿಲ್ಲ ಅಂತ ಇವನನ್ನು ಹಿಡಿದು ತಂದು ಹೆಗಲು ಕೊಡಿಸಿದರು. ದಾರಿಯಲ್ಲಿ ಯಾವ ಜೀವವನ್ನೂ ತುಳಿಯಬಾರದು ಅಂತ ಇವನು ಮುಂದೆ ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದ. ಉಳಿದವರ ಹೆಜ್ಜೆಗೆ ಅದು ಕೂಡಲಿಲ್ಲ. ಪಲ್ಲಕ್ಕಿ ಅಲುಗಾಡಿತು, ರಾಜ ಸಿಟ್ಟಾದ. ಈಗ ನೋಡಿ, ಈ ಕಥೆಯಲ್ಲಿ ಬಿಸಿಲಿನಲ್ಲಿ ನಡೆಯುತ್ತಿರುವವನು ಜಡಭರತ. ಕೂತಿರುವವನು ರಹೂಗಣ. ಸೆಡೆಂಟರಿ ಅನ್ನುವ ಮಾತು ಸಲ್ಲಬೇಕಾದದ್ದು ಪಲ್ಲಕ್ಕಿಯ ಒಳಗಿದ್ದವನಿಗೆ. ಹೆಸರಲ್ಲಿ ‘ಜಡ’ ಇರುವವನಿಗೂ ಅದಕ್ಕೂ ದೂರದ ನಂಟೂ ಇಲ್ಲ.

ತಪ್ಪು ಪೂರ್ತಿ ಅನುವಾದಕರದ್ದೂ ಅಲ್ಲ. ಕೂರುವುದು ಅಂದರೆ ದುಡಿಯದಿರುವುದು ಅನ್ನುವ ಭಾವನೆ ನಮ್ಮ ಮಾತಿನಲ್ಲೇ ಇದೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಅನ್ನುತ್ತೇವೆ. ಕೆಲಸ ಇಲ್ಲದವನನ್ನು ‘ಮನೇಲಿ ಕೂತಿದ್ದಾನೆ’ ಅನ್ನುತ್ತೇವೆ. ದುಡಿಮೆ ಅಂದರೆ ಹೊಲ, ನೇಗಿಲು, ಬೆವರು ಅನ್ನುವ ಕಾಲಕ್ಕೆ ಇದು ಸರಿಯಾಗಿತ್ತು. ಕೂತೇ ದುಡಿಯುವ ಲಕ್ಷಾಂತರ ಜನ ಇರುವ ಊರುಗಳಲ್ಲಿ ಈ ಸಮೀಕರಣ ಮುರಿದುಬಿದ್ದಿದೆ.

ಹಾಗಾದರೆ ಸೆಡೆಂಟರಿ ಅಂದರೆ ನಿಜಕ್ಕೂ ಏನು? 2012ರಲ್ಲಿ ಈ ಕ್ಷೇತ್ರದ ಸಂಶೋಧಕರ ಒಂದು ಅಂತರರಾಷ್ಟ್ರೀಯ ಬಳಗ ಇದಕ್ಕೆ ಗಟ್ಟಿ ವ್ಯಾಖ್ಯೆ ಕೊಟ್ಟಿತು. ಎರಡು ಷರತ್ತು. ಎಚ್ಚರ ಇರುವಾಗ ಕೂತಿರಬೇಕು ಇಲ್ಲವೇ ಒರಗಿರಬೇಕು. ಆ ಹೊತ್ತಿನಲ್ಲಿ ಖರ್ಚಾಗುವ ಶಕ್ತಿ 1.5 ಮೆಟ್ ದಾಟಬಾರದು. ಸುಮ್ಮನೆ ಕೂತಾಗ ದೇಹಕ್ಕೆ ಬೇಕಾಗುವ ಶಕ್ತಿಯನ್ನು 1 ಮೆಟ್ ಅಂತ ಹಿಡಿಯುತ್ತಾರೆ. ಟೈಪ್ ಮಾಡುತ್ತಾ ಕೂತರೂ ಅದು 1.5ರ ಒಳಗೇ ಉಳಿಯುತ್ತದೆ. ಇಳಕಲ್ಲಿನ ಗುಂಡಿ ಮಗ್ಗದ ನೇಕಾರರನ್ನು ನೆನೆಸಿಕೊಳ್ಳಿ. ದಿನವಿಡೀ ಕೂತೇ ಇರುತ್ತಾರೆ. ಆದರೆ ಗುಂಡಿಯೊಳಗೆ ಕಾಲು ಹಲಗೆ ತುಳಿಯುತ್ತಿರುತ್ತದೆ, ಕೈ ಲಾಳಿ ಎಳೆಯುತ್ತಿರುತ್ತದೆ. ಮೊದಲ ಷರತ್ತು ಸರಿ, ಎರಡನೆಯದು ಹೊಂದುವುದಿಲ್ಲ. ಅದೇ ಕಂಪ್ಯೂಟರಿನ ಮುಂದೆ ಕೂತವರಲ್ಲಿ ಬೆರಳು ಮತ್ತು ಕಣ್ಣು ಬಿಟ್ಟರೆ ಬೇರೇನೂ ಅಲುಗುವುದಿಲ್ಲ. ಎರಡೂ ಷರತ್ತು ಕೂಡಿ ಬರುತ್ತವೆ.

ಇಲ್ಲಿಂದಲೇ ದೊಡ್ಡ ಗೊಂದಲ ಶುರು. ವ್ಯಾಯಾಮ ಸಾಲದಿರುವುದು ಒಂದು, ಜಾಸ್ತಿ ಹೊತ್ತು ಕೂರುವುದು ಇನ್ನೊಂದು. ಇವೆರಡನ್ನೂ ಎಲ್ಲರೂ ಒಂದೇ ಅಂದುಕೊಂಡಿದ್ದಾರೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದೇ ಮಾರ್ಗಸೂಚಿ ಕೂರುವ ಹೊತ್ತನ್ನು ಕಡಿಮೆ ಮಾಡಿ ಅಂತ ಬೇರೆಯಾಗಿಯೇ ಹೇಳುತ್ತದೆ. ಎರಡು ಸಾಲು, ಎರಡು ಲೆಕ್ಕ.

ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿನಲ್ಲಿ ಬೆವರಿಳಿಯುವ ಹಾಗೆ ಓಡುವ ಹುಡುಗಿಯನ್ನೇ ತೆಗೆದುಕೊಳ್ಳಿ. ಏಳೂವರೆಗೆ ಮನೆ. ಎಂಟೂವರೆಗೆ ಕ್ಯಾಬ್, ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ. ಆಮೇಲೆ ಒಂಬತ್ತು ಗಂಟೆ ಡೆಸ್ಕು. ಮತ್ತೆ ಕ್ಯಾಬ್. ಊಟ ಮಾಡಿ ಸೋಫಾದಲ್ಲಿ ಫೋನು. ವ್ಯಾಯಾಮದ ಲೆಕ್ಕದಲ್ಲಿ ಅವಳು ಎಲ್ಲರಿಗಿಂತ ಮುಂದೆ. ಕೂತ ಹೊತ್ತಿನ ಲೆಕ್ಕದಲ್ಲಿ ಅವಳದ್ದು ಪೂರಾ ಸೆಡೆಂಟರಿ ದಿನ. ‘ಜಡ ಜೀವನಶೈಲಿ’ ಅಂತ ಬರೆದರೆ ಅವಳು ಅದನ್ನು ಓದುವುದೇ ಇಲ್ಲ. ನನಗಲ್ಲ ಇದು ಅಂದುಕೊಂಡು ಮುಂದೆ ಹೋಗುತ್ತಾಳೆ. ನನ್ನ ತಕರಾರು ಇರುವುದು ಇಲ್ಲಿಯೇ. ಯಾರಿಗೆ ಮುಟ್ಟಬೇಕೋ ಅವರಿಗೇ ಮಾತು ಮುಟ್ಟುತ್ತಿಲ್ಲ.

ಅವಳ ಓಟ ವ್ಯರ್ಥ ಅಂತ ಅಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಬೇಕು. 2016ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಇದನ್ನೇ ನೋಡಿತು. ದಿನಕ್ಕೆ ಎಂಟು ಗಂಟೆ ಮೀರಿ ಕೂರುವವರಲ್ಲಿ ಬೇಗ ಸಾಯುವ ಅಪಾಯ ಜಾಸ್ತಿ ಇತ್ತು. ದಿನಕ್ಕೆ 60ರಿಂದ 75 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಇದ್ದವರಲ್ಲಿ ಆ ಹೆಚ್ಚುವರಿ ಅಪಾಯ ಕಾಣಲಿಲ್ಲ. ‘ಕೂರುವುದೇ ಹೊಸ ಸಿಗರೇಟು’ ಅಂತ ಹೆದರಿಸುವವರು ಈ ಎರಡನೇ ಭಾಗವನ್ನು ಬಿಟ್ಟುಬಿಡುತ್ತಾರೆ. ಅರ್ಧ ಗಂಟೆ ವಾಕಿಂಗ್ ಸಾಕು ಅನ್ನುವವರು ಅಲ್ಲಿರುವ ನಿಮಿಷಗಳ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಕೂತು ದುಡಿಯುವವರ ಆರೋಗ್ಯದ ಚಿಂತೆ ಹೊಸದೇನೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆ 1700ರಲ್ಲಿ ಪುಸ್ತಕ ತಂದ, 1713ರಲ್ಲಿ ಅದನ್ನು ಹಿಗ್ಗಿಸಿದ. ಗುಮಾಸ್ತರ ಕಷ್ಟಕ್ಕೆ ಅವನು ಕೊಟ್ಟ ಕಾರಣ ಮೂರು: ಸದಾ ಕೂತಿರುವುದು, ಕೈ ಒಂದೇ ರೀತಿ ಬಿಡುವಿಲ್ಲದೆ ಆಡುವುದು, ತಪ್ಪಾಗಬಾರದು ಅನ್ನುವ ಮನಸ್ಸಿನ ಒತ್ತಡ. ಗರಿಯ ಲೇಖನಿಯ ಜಾಗಕ್ಕೆ ಮೌಸ್ ಬಂದಿದೆ, ಅಷ್ಟೇ.

ಆಮೇಲಿನ ಹೆಸರಾಂತ ಅಧ್ಯಯನ 1953ರದ್ದು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರುಗಳನ್ನು ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಹೋಲಿಸಿ ನೋಡಿದರು. ಹೃದ್ರೋಗ ಡ್ರೈವರುಗಳಲ್ಲಿ ಜಾಸ್ತಿ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಕಡಿಮೆ. ಮುಂದೆ ಅವರೇ 1956ರಲ್ಲಿ ಸಮವಸ್ತ್ರದ ಅಳತೆ ತೆಗೆದು ನೋಡಿದಾಗ, ಡ್ರೈವರುಗಳ ಸೊಂಟ ಮೊದಲೇ ದಪ್ಪಗಿತ್ತು ಅನ್ನುವುದೂ ಗೊತ್ತಾಯಿತು. ಹಾಗಾಗಿ ಎಲ್ಲ ಹೊಣೆಯನ್ನೂ ಸೀಟಿನ ಮೇಲೆ ಹೊರಿಸಲಾಗದು. ಆದರೂ ನನಗೆ ಮುಖ್ಯ ಅನಿಸುವ ಸಂಗತಿ ಬೇರೆ. ನಮ್ಮ ಊರಿನ ಟ್ರಾಫಿಕ್ಕಿನಲ್ಲಿ ಬಸ್ ಓಡಿಸುವ ಡ್ರೈವರನ್ನು ಯಾರಾದರೂ ಜಡ ಅನ್ನುತ್ತಾರಾ? ಕೂತು ದುಡಿಯುವುದು ದುಡಿಮೆಯೇ, ಮತ್ತು ಅದರ ಪೆಟ್ಟು ಮೈಗೆ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಹೇಳಲು ಒಂದು ಪದ ಬೇಕು.

ಆ ಪೆಟ್ಟು ಬೀಳುವ ಬಗೆ ಹೀಗೆ. ಮೀನಖಂಡದ ಸ್ನಾಯು ಬಿಗಿದು ಸಡಿಲಾದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ಏರುತ್ತದೆ. ಕೂತಾಗ ಆ ಕೆಲಸ ನಿಲ್ಲುತ್ತದೆ. ಸಂಜೆ ಸಾಕ್ಸ್ ಬಿಚ್ಚಿದಾಗ ಕಾಲಿನ ಮೇಲೆ ಅಚ್ಚು ಮೂಡಿರುತ್ತದಲ್ಲ, ಪಾದ ಊದಿರುವುದಕ್ಕೆ ಅದೂ ಒಂದು ಗುರುತು. ದೊಡ್ಡ ಸ್ನಾಯುಗಳು ಆಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಸುಮ್ಮನಿದ್ದಾಗ ಅದೂ ಕಡಿಮೆಯಾಗುತ್ತದೆ. 2012ರ ಒಂದು ಸಣ್ಣ ಪ್ರಯೋಗದಲ್ಲಿ 19 ಜನರನ್ನು ಪ್ರತಿ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಡೆಸಿದರು. ಸುಮ್ನೆ ಕೂತ ದಿನಕ್ಕಿಂತ ಅವತ್ತು ಊಟದ ನಂತರದ ಸಕ್ಕರೆ ಕಡಿಮೆ ಏರಿತು. ನಿಧಾನ ನಡಿಗೆಯಿಂದಲೇ.

ಅದಕ್ಕೇ ಡೆಸ್ಕಿನ ಮೇಲಿನ ಎರಡು ಲೀಟರ್ ನೀರಿನ ಬಾಟಲಿ ನನಗೆ ಸರಿ ಕಾಣುವುದಿಲ್ಲ. ನೀರು ಕುಡಿಯಿರಿ ಅನ್ನುವ ಸಲಹೆ ಒಳ್ಳೆಯದೇ. ಆದರೆ ಬೆಳಿಗ್ಗೆ ತುಂಬಿಟ್ಟ ಬಾಟಲಿ ಮಧ್ಯಾಹ್ನದವರೆಗೆ ಏಳುವ ನೆಪವನ್ನೇ ಕಿತ್ತುಕೊಳ್ಳುತ್ತದೆ. ಒಂದು ಲೋಟ ಇಟ್ಟುಕೊಂಡರೆ ಅದು ಖಾಲಿಯಾದಾಗಲೆಲ್ಲ ಎದ್ದು ಹೋಗಲೇಬೇಕು. ಟೀ ಕೂಡ ಹಾಗೇ, ಟೇಬಲಿಗೆ ತರಿಸಿಕೊಳ್ಳುವ ಬದಲು ಹೋಗಿ ಕುಡಿಯಬಹುದು. ಸರ್ಕಾರಿ ಕಚೇರಿಗಳಲ್ಲಿ ಇ-ಆಫೀಸ್ ಬರುವ ಮುಂಚೆ ಕೇಸ್ ವರ್ಕರ್ ಹಳೆ ಫೈಲ್ ಬೇಕೆಂದರೆ ರೆಕಾರ್ಡ್ ರೂಮಿಗೆ, ಸಹಿ ಬೇಕೆಂದರೆ ಸಾಹೇಬರ ಚೇಂಬರಿಗೆ ನಡೆಯುತ್ತಿದ್ದರು. ಈಗ ಫೈಲು ಪರದೆಯ ಮೇಲೆ ಹೋಗುತ್ತದೆ. ಕೆಲಸ ಬೇಗ ಆಗುತ್ತದೆ, ಒಳ್ಳೆಯದೇ. ಆದರೆ ಲೆಕ್ಕಕ್ಕೆ ಸಿಗದೆ ಆಗುತ್ತಿದ್ದ ಆ ನಡಿಗೆ ಹೋಯಿತು. ಅದನ್ನು ಬೇರೆ ಎಲ್ಲಾದರೂ ಸೇರಿಸಿಕೊಳ್ಳಬೇಕು. ಪರದೆ ಹಂಚಿಕೊಳ್ಳುವ ಅಗತ್ಯ ಇಲ್ಲದ ಕಾಲ್‌ಗಳನ್ನು ನಡೆಯುತ್ತಾ ಮಾತಾಡಿ ಮುಗಿಸುವುದು ಎಲ್ಲಕ್ಕಿಂತ ಸುಲಭ.

ನಿಂತು ಕೆಲಸ ಮಾಡುವ ಮೇಜು ಕೊಂಡರೆ ಎಲ್ಲ ಮುಗಿಯಿತು ಅನ್ನುವವರಿಗೂ ಒಂದು ಮಾತು. ವ್ಯಾಖ್ಯೆಯ ಪ್ರಕಾರ ನಿಂತವರು ಸೆಡೆಂಟರಿ ಅಲ್ಲ, ನಿಜ. ಆದರೆ ಕಂಬದ ಹಾಗೆ ನಿಂತರೆ ಖರ್ಚಾಗುವ ಶಕ್ತಿ ಕೂತಾಗಿನದ್ದಕ್ಕಿಂತ ತೀರಾ ಸ್ವಲ್ಪವೇ ಜಾಸ್ತಿ. ಗಂಟೆಗಟ್ಟಲೆ ನಿಂತರೆ ಹಿಮ್ಮಡಿ, ಸೊಂಟ ನೋಯುತ್ತವೆ. ಉಬ್ಬಿದ ರಕ್ತನಾಳದ ತೊಂದರೆ ಇರುವವರಿಗೆ ಅದು ಹೆಚ್ಚಾಗಲೂಬಹುದು. ಕೂರುವುದು, ನಿಲ್ಲುವುದು, ನಡೆಯುವುದು ಬದಲಾಗುತ್ತಾ ಇರಬೇಕು.

ಇನ್ನು ಪದದ ವಿಷಯ. ‘ಜಡ’ ಬಿಟ್ಟು ಏನು ಬರೆಯೋಣ? ಹೊಸದಾಗಿ ಟಂಕಿಸುವ ಅಗತ್ಯವೇ ಇಲ್ಲ. ‘ಕೂತ ಹೊತ್ತು’ ಅನ್ನಿ. ‘ಕೂತೇ ಮಾಡುವ ಕೆಲಸ’ ಅನ್ನಿ. ‘ನಿಮ್ಮದು ಜಡ ಜೀವನಶೈಲಿಯೇ?’ ಅಂತ ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ‘ನಿನ್ನೆ ಒಟ್ಟು ಎಷ್ಟು ಗಂಟೆ ಕೂತಿದ್ದಿರಿ? ಒಂದೇ ಸಮನೆ ಎಷ್ಟು ಹೊತ್ತು?’ ಅಂತ ಕೇಳಿದರೆ ಯಾರಾದರೂ ಲೆಕ್ಕ ಹಾಕಿ ಉತ್ತರ ಕೊಡುತ್ತಾರೆ. ಆಫೀಸಿನ ಆರೋಗ್ಯ ಮೇಲ್ ಬರೆಯುವವರು ಮುಂದಿನ ಸಲ ಈ ಎರಡು ಪ್ರಶ್ನೆಗಳನ್ನೇ ಮೊದಲು ಹಾಕಲಿ. ಬೆಳಗಿನ ವಾಕಿಂಗಿನ ಸಲಹೆ ಅದರ ಕೆಳಗೆ ಬೇರೆ ಸಾಲಿನಲ್ಲಿ ಬರಲಿ.